ಬಯ್ಯಪ್ಪನ ಹೊಪ್ಪಳೆ ಚರ್ಮ

ಶಿಡ್ಲಘಟ್ಟದಲ್ಲಿ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಬಯ್ಯಪ್ಪನ ಕೆಲಸ ತಾಯಂದಿರನ್ನು ಅರೆಯುವುದು. ಗಾಬರಿ ಬೇಡ, ಚಿಟ್ಟೆ ತಾಯಂದಿರು. ಮೊಟ್ಟೆ ಇಟ್ಟು ಮುಗಿಸಿದ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಅರೆದು, ಒಂದು ಹನಿ ಗಾಜಿಗೆ ಹಚ್ಚಿ, ಮೈಕ್ರೋಸ್ಕೋಪಿಗೆ ಕಣ್ಣಿಡಬೇಕು. ತಾಯಿಯಿಂದ ಮರಿಹುಳುವಿಗೆ ದಾಟುವ ಗಂಟುರೋಗದ ಹೊಳೆಯುವ ಕಾಳು ಕಂಡರೆ ಅವಳಿಟ್ಟ ಮೊಟ್ಟೆಗಳೆಲ್ಲ ಬೆಂಕಿಗೆ. ಕಾಣದಿದ್ದರೆ ರೈತರ ಮನೆಗೆ. ಮಕ್ಕಳ ಯೋಗ್ಯತೆ ತಿಳಿಯಲು ತಾಯಿಯನ್ನು ನೋಡಬೇಕೆಂಬುದು ಆ ಸೀಮೆಯಲ್ಲಿ ಹುಳು ಸಾಕುವವರಿಗೆಲ್ಲ ಗೊತ್ತಿತ್ತು.

ಬಯ್ಯಪ್ಪನ ಮೈ ಬೇರೆಯೇ ಸಮಾಚಾರ. ಹಸುಗೂಸಾಗಿದ್ದಾಗಿನಿಂದ ಮೊಣಕಾಲ ಕೆಳಗೆ, ಹೊಟ್ಟೆ ಬೆನ್ನಿನ ಮೇಲೆ, ಕತ್ತಿನ ಪಕ್ಕ ಮೀನಿನ ಚಿಪ್ಪಿನಂಥ ಕಂದು ಹೊಪ್ಪಳೆಗಳು. ಮುಖ, ಅಂಗೈ, ಅಂಗಾಲು ಮಾತ್ರ ನುಣುಪು. ನೋವಿಲ್ಲ, ತುರಿಕೆಯೂ ಅಷ್ಟಿಲ್ಲ. ಬೇಸಿಗೆಯಲ್ಲಿ ಕಡಿಮೆ, ಚಳಿಗಾಲದಲ್ಲಿ ಒಣಗಿದ ಕೆರೆಯಂಗಳ. ಕತ್ತಿನದು ಕೊಳೆಯೆಂದು ಅವನಮ್ಮ ಕದಿರಮ್ಮ ತೆಂಗಿನ ನಾರಿನಲ್ಲಿ ವರ್ಷಗಟ್ಟಲೆ ಉಜ್ಜಿದ್ದಳು. ಮಗ ಅಳುತ್ತಿದ್ದ, ಕೊಳೆ ಅಲ್ಲೇ ಇರುತ್ತಿತ್ತು.

ಅರವತ್ತಾರರ ಕಾರ್ತಿಕದಲ್ಲಿ ಕೈವಾರದ ರೇಷ್ಮೆ ರೈತ ಚೆನ್ನರಾಯಪ್ಪನ ಮಗಳು ಆದಿಲಕ್ಷ್ಮಮ್ಮನನ್ನು ನೋಡಲು ತಾಯಿ ಮಗ ಹೋದರು. ಹುಡುಗಿ ಒಪ್ಪಿದಳು, ಹುಡುಗ ಮೊದಲೇ ಒಪ್ಪಿದ್ದ. ಊಟಕ್ಕೆ ಮುಂಚೆ ಕಾಲು ತೊಳೆಯಲು ಪಂಚೆ ಎತ್ತಿದ. ಚೆಂಬು ಹಿಡಿದಿದ್ದ ಚೆನ್ನರಾಯಪ್ಪ ನೀರು ಹುಯ್ಯುವುದನ್ನು ಮರೆತ.

"ಏನಪ್ಪಾ ಇದು? ಹೆಣ್ಣು ಕೇಳಕ್ಕೆ ಬಂದ್ಯೋ, ಪೊರೆ ಬಿಡಕ್ಕೆ ಬಂದ್ಯೋ?"

"ಚರ್ಮ, ಮಾವ."

"ಅದು ಗೊತ್ತಾಯ್ತು. ಯಾರದು?"

ಒಳಗೆ ಯಾರೋ 'ದೊಡ್ಡ ರೋಗ' ಎಂದು ಪಿಸುಗುಟ್ಟಿದರು. ಕುಷ್ಠಕ್ಕೆ ಆ ಕಡೆಯ ಮರ್ಯಾದೆಯ ಹೆಸರು ಅದು. ಬಯ್ಯಪ್ಪನ ಸಂಬಂಧ ಅಲ್ಲಿಗೇ ಹರಿಯುವುದರಲ್ಲಿತ್ತು.

"ಪರೀಕ್ಷೆಯಾಗದ ಮೊಟ್ಟೇನೇ ನಾನು ಮನೆಗೆ ತರಲ್ಲ," ಎಂದ ಚೆನ್ನರಾಯಪ್ಪ. "ಅಳಿಯನ್ನ ತರ್ತೀನಾ?"

ತಾಯಿ, ಮಗ, ಚೆನ್ನರಾಯಪ್ಪ ಮೂವರೂ ಬೆಂಗಳೂರಿನ ಆಸ್ಪತ್ರೆಗೆ ಬಸ್ಸು ಹತ್ತಿದರು. ಚರ್ಮದ ಡಾಕ್ಟರು ಹೊಪ್ಪಳೆಗೆ ಹತ್ತಿ ತಾಗಿಸಿದರು, ಕಣ್ಣು ಮುಚ್ಚಿದ್ದ ಬಯ್ಯಪ್ಪ ಪ್ರತಿ ಸಲವೂ ತಾಗಿತೆಂದು ಹೇಳಿದ. ಮೊಣಕೈಯ ನರ ಒತ್ತಿದರು, ದಪ್ಪವಾಗಿರಲಿಲ್ಲ. ಕುಷ್ಠವಲ್ಲ ಎಂದರು. ಆದರೂ ಮೊಣಕಾಲ ಕೆಳಗಿಂದ ಬೇಳೆಯಷ್ಟು ಚರ್ಮ ಕತ್ತರಿಸಿಕೊಂಡು, ಹತ್ತು ದಿನ ಬಿಟ್ಟು ಬನ್ನಿ ಎಂದರು.

ಹತ್ತು ದಿನ ಬಿಟ್ಟು ಹೋದಾಗ ಡಾಕ್ಟರು ಆ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಬಯ್ಯಪ್ಪ, "ನಾನೂ ನೋಡ್ಲಾ ಸಾರ್?" ಎಂದ. ಡಾಕ್ಟರು ಕುರ್ಚಿ ಬಿಟ್ಟುಕೊಟ್ಟರು. ಅವನ ಬೆರಳು ತಿರುಪನ್ನು ತಿರುಗಿಸಿದ ರೀತಿ ನೋಡಿ ಅವರ ಹುಬ್ಬು ಮೇಲೇರಿತು.

"ಮೇಲುಗಡೆ ಪದರ ಪದರವಾಗಿ ದಪ್ಪಗಿದೆ ಸಾರ್."

"ಅದು ಸತ್ತ ಚರ್ಮ. ಉದುರಬೇಕಿತ್ತು, ಉದುರ್ತಿಲ್ಲ. ನಿವೃತ್ತಿಯಾದ ಗುಮಾಸ್ತರು ಕುರ್ಚಿ ಬಿಡದೇ ಇದ್ದ ಹಾಗೆ. ಅದರ ಕೆಳಗೆ?"

"ಕಪ್ಪು ಚುಕ್ಕೆ ತುಂಬಿದ ಕಣಗಳ ಸಾಲು."

"ಇದೇ ಥರದ ಇನ್ನೊಂದು ಕಾಯಿಲೆಯಲ್ಲಿ ಆ ಸಾಲು ತೆಳ್ಳಗಾಗಿರತ್ತೆ, ಇಲ್ಲದೆಯೂ ಇರಬಹುದು. ನಿನ್ನದರಲ್ಲಿ ಚೆನ್ನಾಗಿದೆ. ಊತ, ಕೀವು ಏನೂ ಇಲ್ಲ. ಅಂಟುಜಾಡ್ಯ ಅಲ್ಲ."

ಚೆನ್ನರಾಯಪ್ಪನಿಗೆ ಇದೆಲ್ಲ ಕ್ರಮ ತಪ್ಪಿದ ಪರೀಕ್ಷೆಯಾಗಿ ಕಂಡಿತು. "ಇವನ್ನ ಯಾಕೆ ನೋಡ್ತೀರಿ ಸ್ವಾಮಿ? ತಾಯೀನ ನೋಡಿ."

"ಅರೆಯೋ ಕಲ್ಲು ತಂದಿದ್ದೀರೇನಪ್ಪ?" ಎಂದಳು ಕದಿರಮ್ಮ, ಸೆರಗು ಬಿಗಿದುಕೊಂಡು.

ಡಾಕ್ಟರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನಿಮ್ಮ ಅಣ್ಣ ತಮ್ಮಂದಿರಿಗೆ ಇತ್ತಾ ಅಮ್ಮ?"

"ನಮ್ಮಣ್ಣಂಗಿತ್ತು. ಕೆರೇಲಿ ಬಿದ್ದಿರ್ತಾನೆ, ಅದಕ್ಕೇ ಅಂತಿದ್ರು."

ಡಾಕ್ಟರು ಬಿಡಿಸಿ ಹೇಳಿದರು. ಇದು ಗಂಡಸರ ಮೈಮೇಲೆ ಕಾಣುತ್ತದೆ, ಬರುವುದು ತಾಯಿಯಿಂದ. ತಾಯಿಯ ಮೈಯಲ್ಲಿ ಗುರುತೇ ಇರುವುದಿಲ್ಲ. ಬಯ್ಯಪ್ಪನ ಗಂಡುಮಕ್ಕಳಿಗೆ ಅವನಿಂದ ಬರುವುದಿಲ್ಲ. ಹೆಣ್ಣುಮಕ್ಕಳು ಗುಟ್ಟಾಗಿ ಹೊತ್ತುಕೊಂಡು ಹೋಗಿ ತಮ್ಮ ಗಂಡುಮಕ್ಕಳಿಗೆ ಕೊಡಬಹುದು. ಔಷಧಿಯೆಂದರೆ ಎಣ್ಣೆ, ಮುಲಾಮು, ತಾಳ್ಮೆ.

ತಾನು ಹೇಳಿದ್ದೇ ಸರಿಯಾಯಿತೆಂದು ಚೆನ್ನರಾಯಪ್ಪ ಇಡೀ ಬಸ್ಸಿಗೆ ಕೇಳುವಂತೆ ಬೀಗಿದ. ದಾರಿಯ ವಿಜಯಪುರ ದಾಟುವ ಹೊತ್ತಿಗೆ ಉದಾರಿಯೂ ಆದ. "ಮೊಮ್ಮಕ್ಕಳು ಸರಿಯಿದ್ರೆ ಸಾಕು. ಮದುವೆ ವೈಶಾಖದಲ್ಲಿ ಮಾಡಣ. ಬೇಸಿಗೇಲಿ ಮೈ ನುಣ್ಣಗಿರತ್ತೆ, ನೆಂಟರಿಗೆ ಕಾಣಲ್ಲ."

"ಬೇಡ ಮಾವ. ಚಳೀಲೇ ಮಾಡಿ. ಇದು ಹೆಣ್ಣುಮಕ್ಕಳ ಕಡೆಯಿಂದ ಹೋಗತ್ತೆ ಅಂತ ನಿಮ್ಮ ಮಗಳಿಗೂ ಹೇಳ್ಬೇಕು."

"ಹೇಳಿದ್ರೆ ಒಲ್ಲೆ ಅಂತಾಳೆ ಕಣೋ."

"ಅಂದ್ರೆ ಅನ್ಲಿ."

ಹೇಳಿದವನು ಬಯ್ಯಪ್ಪನೇ, ಕೈವಾರದ ಜಗುಲಿಯಲ್ಲಿ, ಪಂಚೆ ಮೊಣಕಾಲಿಗೆ ಎತ್ತಿಕೊಂಡು. ಆದಿಲಕ್ಷ್ಮಮ್ಮ ಕಾಲನ್ನು ಕಂಬದ ಮರೆಯಿಂದಲ್ಲ, ಹತ್ತಿರ ಬಂದೇ ನೋಡಿದಳು.

"ಹೆಣ್ಣು ಹುಟ್ಟಿದ್ರೆ, ಅವಳಿಗೆ ಗಂಡು ನೋಡೋವಾಗ ಅವರ ಮನೆಗೆ ನೀವೇ ಹೋಗಿ ಹೇಳ್ಬೇಕು," ಎಂದಳು. "ನಮ್ಮಪ್ಪನ್ನ ಕಳಿಸ್ಬೇಡಿ."

ಮಾಘದಲ್ಲಿ ಮದುವೆಯಾಯಿತು. ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಬಯ್ಯಪ್ಪ ಬರಿಮೈಯಲ್ಲಿ ಕೂತಾಗ ಹೆಂಗಸರ ಕೈಗಳು ಬಟ್ಟಲಲ್ಲೇ ನಿಂತವು. ಹುಡುಗಿಯ ಸೋದರತ್ತೆ ಅಮ್ಮಾಜಮ್ಮ ಮುಂದೆ ಬಂದು, ಒಂದು ಹಿಡಿ ಮೆತ್ತಿ, ಬೆನ್ನನ್ನು ದಿಟ್ಟಿಸಿದಳು.

"ಇಷ್ಟು ಸಾಲದು ಕಣ್ರೇ, ಎಲ್ಲಾ ಬಿರುಕಿಗೇ ಹೋಗ್ತಿದೆ. ಇನ್ನೊಂದು ಬಟ್ಟಲು ಕಲಸ್ಕೊಂಡು ಬನ್ನಿ."

ಕಲಸಿಕೊಂಡು ಬಂದರು.