ಲ್ಯಾಬಕ್ಕನ ಭಾನುವಾರ

ದೊಡ್ಡಮ್ಮನ ಮನೆಯಲ್ಲಿ ನಲ್ಲಿಯ ನೀರು ಸದ್ದು ಮಾಡುವಂತಿರಲಿಲ್ಲ. ಪ್ರತಿಯೊಂದು ನಲ್ಲಿಯ ಬಾಯಿಗೂ ಹಳೆಯ ಬಟ್ಟೆಯ ಪಟ್ಟಿ ಕಟ್ಟಿ, ಅದರ ತುದಿ ಬಕೆಟ್ಟಿನ ತಳ ಮುಟ್ಟುವಂತೆ ಇಳಿಬಿಟ್ಟಿದ್ದಳು. ನೀರು ಆ ಪಟ್ಟಿಯುದ್ದಕ್ಕೂ ಕಳ್ಳಹೆಜ್ಜೆಯಲ್ಲಿ ಇಳಿಯುತ್ತಿತ್ತು. ನಾನು ಕೆಲಸ ಸಿಕ್ಕಿ ಅವಳ ಮನೆ ಸೇರಿದ ಮೊದಲ ವಾರ, ಪಾತ್ರೆ ತೊಳೆಯಲೆಂದು ಪಟ್ಟಿ ಬಿಚ್ಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಹಜಾರದಲ್ಲಿ ಕುಳಿತಿದ್ದವಳು ಓಡಿಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣುಗಳನ್ನೇ ನೋಡಿದಳು.

"ಏನಾಯ್ತು ದೊಡ್ಡಮ್ಮ?"

"ಏನಿಲ್ಲ. ಯಾರೋ 'ಅಕ್ಕಾ' ಅಂದ ಹಾಗಾಯ್ತು."

ವಯಸ್ಸಾದವರ ಗೀಳು ಎಂದು ನಾನು ಸುಮ್ಮನಾದೆ.

ಅವಳು ಒಂದು ಹೈಸ್ಕೂಲಿನ ವಿಜ್ಞಾನದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದವಳು. ಪಾಠ ಮಾಡುವುದು ಮೇಷ್ಟರ ಕೆಲಸ. ಗಾಜಿನ ಕೊಳವೆ ತೊಳೆಯುವುದು, ಸೀಸೆ ತುಂಬುವುದು, ಅದಕ್ಕೆ ಹೆಸರಿನ ಚೀಟಿ ಅಂಟಿಸುವುದು, ಒಡೆದದ್ದನ್ನು ಬಳಿದು ಎಸೆಯುವುದು ಅವಳ ಕೆಲಸ. ಮಕ್ಕಳು ಅವಳನ್ನು ಲ್ಯಾಬಕ್ಕ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಹೆಸರು ಬಿಡಲಿಲ್ಲ.

ಭಾನುವಾರದ ಪ್ರಯೋಗಗಳು ಶುರುವಾದದ್ದು ಮೇಲಿನ ಮಹಡಿಯ ಟೈಲರನ ಅವಳಿ ಹೆಣ್ಣುಮಕ್ಕಳಿಂದ. ಹುಳಿಗೂ ಸೋಡಾಕ್ಕೂ ಏನು ವ್ಯತ್ಯಾಸ ಎಂದು ಬರೆಯಲಾಗದೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಮೂಗು ಸುರಿಸುತ್ತಿದ್ದರು. ದೊಡ್ಡಮ್ಮ ನೇರಳೆ ಬಣ್ಣದ ಎಲೆಕೋಸನ್ನು ಕುದಿಸಿ, ಸೋಸಿದ ನೀರನ್ನು ಎರಡು ಲೋಟಕ್ಕೆ ಹಾಕಿದಳು. ಒಂದಕ್ಕೆ ನಿಂಬೆ ಹಿಂಡಿದಳು, ಗುಲಾಬಿಯಾಯಿತು. ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದಳು, ನೀಲಿಗೆ ತಿರುಗಿತು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಲ್ಕು ಮನೆಯವರು ಬಾಗಿಲಲ್ಲಿದ್ದರು.

ಎರಡು ಕಟ್ಟಳೆ ಮಾಡಿದ್ದಳು. ಮನೆಯ ದೊಡ್ಡವರೊಬ್ಬರು ಜೊತೆಗಿರದೆ ಯಾವ ಮಗುವೂ ಬರುವಂತಿಲ್ಲ. ಬಾಯಿಗೆ ಹಾಕಿಕೊಂಡರೂ ಅಪಾಯವಿಲ್ಲದ್ದನ್ನು ಬಿಟ್ಟು ಬೇರೇನೂ ಮೇಜಿನ ಮೇಲೆ ಬರುವಂತಿಲ್ಲ.

"ಹಾಗಾದ್ರೆ ಇದು ಪ್ರಯೋಗವೋ ತಿಂಡಿಯೋ, ಲ್ಯಾಬಕ್ಕಾ?" ಎಂದು ಟೈಲರು ಕಿಚಾಯಿಸುತ್ತಿದ್ದ. ಅವನೇ ಎಲ್ಲರಿಗಿಂತ ಮುಂದೆ ಮೇಜಿಗೆ ಒತ್ತಿಕೊಂಡು ನಿಲ್ಲುತ್ತಿದ್ದವನು. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿದ ದಿನ ಹೆಂಡತಿಯನ್ನು ಮಹಡಿಯಿಂದ ಕೂಗಿ ಕರೆದಿದ್ದ.

ದೊಡ್ಡಮ್ಮನೂ ನಗುತ್ತಿದ್ದಳು. ಆದರೆ ಒಂದು ಮಗು ಲೋಟದ ಮೇಲೆ ಬಗ್ಗಿತೆಂದರೆ ಸಾಕು, ನಗು ಅಲ್ಲಿಗೇ ನಿಂತು ಅವಳ ಅಂಗೈ ಆ ಮಗುವಿನ ಹಣೆಗೆ ಅಡ್ಡ ಬರುತ್ತಿತ್ತು. ಒಳಗಿರುವುದು ಬರೀ ಸಕ್ಕರೆ ನೀರಾದರೂ ಅಷ್ಟೇ. ಎಲ್ಲರೂ ಹೋದ ಮೇಲೆ, ಬಂದಿದ್ದ ಮಕ್ಕಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. "ಹನ್ನೊಂದು ಬಂದಿದ್ವು, ಹನ್ನೆರಡು ಇದ್ದ ಹಾಗಿತ್ತಲ್ಲ?" ಎಂದು ನನ್ನನ್ನು ಕೇಳುತ್ತಿದ್ದಳು. ಪ್ರತಿ ವಾರವೂ ಅವಳ ಲೆಕ್ಕಕ್ಕೆ ಒಂದು ಮಗು ಹೆಚ್ಚೇ ಇರುತ್ತಿತ್ತು. ಅದು ಜಡೆ ಹಾಕಿಕೊಂಡ ಹುಡುಗಿ, ಕಿಟಕಿಯ ಹತ್ತಿರ ನಿಂತಿತ್ತು ಎನ್ನುತ್ತಿದ್ದಳು.

ಎರಡನೆಯ ವರ್ಷದ ಒಂದು ಭಾನುವಾರ ಮೇಜಿನ ಮೇಲೆ ಮೂರು ಬೋಗುಣಿಗಳಿದ್ದವು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಮಂಜುಗಡ್ಡೆ ಹಾಕಿದ ನೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಆಮೇಲೆ ಎರಡನ್ನೂ ನಡುವಿನದಕ್ಕೆ ಅದ್ದಬೇಕು. ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದು ಕೈಗೆ ಬಿಸಿ. ಮಕ್ಕಳು ಕಿರುಚಾಡುತ್ತಿರುವಾಗ ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿದ ಹೆಂಗಸೊಬ್ಬಳು ಕಾಣಿಸಿಕೊಂಡಳು. ಒಂಬತ್ತು ವರ್ಷದ ಮಗಳ ಭುಜ ಹಿಡಿದಿದ್ದಳು. ಆ ಮಗಳು ಅವಳಿಗಳ ತರಗತಿಯವಳು.

"ಬನ್ನಿ ಬನ್ನಿ. ಹುಷಾರು, ಹೊಸ್ತಿಲಿದೆ," ಎಂದಳು ದೊಡ್ಡಮ್ಮ.

ಆಕೆ ಹೊಸ್ತಿಲಲ್ಲೇ ನಿಂತಳು. "ಇದೇ ಧ್ವನಿ. ಮಕ್ಕಳು ಲ್ಯಾಬಕ್ಕ ಅಂದಾಗಲೇ ಅನುಮಾನ ಬಂತು. ಅಕ್ಕಾ, ನಾನು. ಎಂಟನೇ ಕ್ಲಾಸಿನವಳು. ಕಣ್ಣು ಹೋಯ್ತಲ್ಲ, ಆ ಹುಡುಗಿ."

ದೊಡ್ಡಮ್ಮನ ಕೈ ನೀರಿನಲ್ಲೇ ಇತ್ತು.

ಆಕೆ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಇವರು ಅವತ್ತು ನನ್ನ ತಲೆ ನಲ್ಲಿ ಕೆಳಗೆ ಹಿಡಿದು ಕಾಲು ಗಂಟೆ ಬಿಡಲಿಲ್ಲ. 'ಕಣ್ಣು ಮುಚ್ಬೇಡ ಮಗಳೇ, ಬಿಡು, ಬಿಡು' ಅಂತಾನೇ ಇದ್ರು. ಆ ನೀರು ಹಾಕದೆ ಇದ್ದಿದ್ರೆ ಎಡಗಣ್ಣಲ್ಲಿ ಇಷ್ಟು ಬೆಳಕೂ ಉಳೀತಿರಲಿಲ್ಲ ಅಂದ್ರು ಡಾಕ್ಟರು. ಎಷ್ಟು ವರ್ಷ ಹುಡುಕಿದೀನಿ ನಿಮ್ಮನ್ನ, ಒಂದು ಮಾತು ಹೇಳೋಕೆ."

ಟೈಲರು ಕಣ್ಣೊರೆಸಿಕೊಂಡು, "ನೋಡಿದ್ರಾ, ನಮ್ಮ ಲ್ಯಾಬಕ್ಕ!" ಎಂದ. ದೊಡ್ಡಮ್ಮ ಕೈಯನ್ನು ನೀರಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಇವತ್ತಿಗೆ ಸಾಕು, ಎಲ್ಲರೂ ಹೋಗಿಬನ್ನಿ," ಎಂದಳು.

ಕೋಣೆ ಖಾಲಿಯಾಯಿತು. ಉಳಿದವರು ನಾನು, ಆಕೆ, ಆಕೆಯ ಮಗಳು. ದೊಡ್ಡಮ್ಮ ಕುರ್ಚಿ ಎಳೆದುಕೊಳ್ಳದೆ ನಿಂತೇ ಮಾತಾಡಿದಳು. ಮೂವತ್ತು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಂತೆ ಒಂದೇ ಸಮನೆ ಹೇಳಿದಳು.

"ಪಕ್ಕಪಕ್ಕ ಎರಡು ಸೀಸೆ ಇತ್ತು. ಒಂದರಲ್ಲಿ ಬರೀ ನೀರು, ಒಂದರಲ್ಲಿ ಕಾಸ್ಟಿಕ್ ಸೋಡಾ. ಎರಡೂ ನೋಡೋಕೆ ಒಂದೇ. ನೀನು ಡ್ರಾಪರ್ ಕಟ್ಟಿಕೊಂಡಿದೆ ಅಂತ ತೊಳೆಯೋಕೆ ನೀರು ತಗೊಂಡೆ. ತುದಿ ಬೆಳಕಿಗೆ ಹಿಡಿದು ಒತ್ತಿದೆ, ಎರಡೂ ಕಣ್ಣಿಗೆ ಚಿಮ್ಮಿತು. ಅದು ನೀರಲ್ಲ. ಆ ಸೀಸೆ ಮೇಲೆ ಚೀಟಿ ಇರಲಿಲ್ಲ. ಹಿಂದಿನ ಸಂಜೆ ಮನೆಗೆ ಹೋಗೋ ಆತುರದಲ್ಲಿ ನಾನು ಒದ್ದೆ ಸೀಸೆ ಮೇಲೇ ಚೀಟಿ ಅಂಟಿಸಿದ್ದೆ. ಬಿದ್ದುಹೋಗಿತ್ತು. ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ ನೆಲ ಒರೆಸ್ತಾ ಇದ್ದಾಗ ಮೇಜಿನ ಹಿಂದೆ ಸಿಕ್ತು. ಯಾರಿಗೂ ತೋರಿಸಲಿಲ್ಲ. ವಿಚಾರಣೆಯಲ್ಲಿ ಚೀಟಿ ಇತ್ತು, ಹುಡುಗಿ ನೋಡಲಿಲ್ಲ ಅಂತ ಹೇಳಿದೆ."

ಆಕೆ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಆ ಚೀಟಿ?"

"ಅವತ್ತೇ ಒಲೆಗೆ ಹಾಕಿದೆ."

"ನಮ್ಮಪ್ಪ ಸಾಯೋವರೆಗೂ ನನ್ನನ್ನೇ ಬೈದ್ರು," ಎಂದಳು ಆಕೆ, ನಿಧಾನವಾಗಿ. "'ಓದೋಕೆ ಬರ್ತಿತ್ತಲ್ಲ ನಿನಗೆ, ಒಂದು ಸಲ ಓದೋಕೇನಾಗಿತ್ತು' ಅಂತ. ನಾನೂ ನಂಬಿದ್ದೆ. ಚೀಟಿ ಕಣ್ಣ ಮುಂದೆ ಬರ್ತಿತ್ತು, ಗೊತ್ತಾ? ಕೆಂಪು ಅಕ್ಷರ. ನೋಡೇ ಇಲ್ಲದ್ದು ನೆನಪಿತ್ತು ನನಗೆ."

ಮಗಳ ಭುಜ ಹುಡುಕಿ ಹಿಡಿದು ಹೊರಟುಹೋದಳು.

ಮರುದಿನ ದೊಡ್ಡಮ್ಮ ಶಾಲೆಗೆ ಎರಡು ಪುಟದ ಕಾಗದ ಬರೆದಳು. ಅದರದ್ದೇ ಇನ್ನೊಂದು ಪ್ರತಿಯನ್ನು ಅವಳಿಗಳ ಕೈಯಲ್ಲಿ ಆಕೆಯ ಮನೆಗೆ ಕಳಿಸಿದಳು. ಶಾಲೆಯಿಂದ ಒಂದು ಸಾಲಿನ ಉತ್ತರ ಬಂತು: ಅಷ್ಟು ಹಳೆಯ ಕಡತ ಲಭ್ಯವಿಲ್ಲ. ಅವಳು ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. "ಬೈಯೋಕೂ ಯಾರೂ ಉಳಿದಿಲ್ಲ ನೋಡು," ಎಂದಳು. ಎರಡು ಭಾನುವಾರ ಬಾಗಿಲು ತೆರೆಯಲಿಲ್ಲ. ಮಕ್ಕಳು ಬಂದು ತಟ್ಟಿ ತಟ್ಟಿ ಹೋದರು.

ಮೂರನೆಯ ಭಾನುವಾರ ಹತ್ತಕ್ಕೆ ಸರಿಯಾಗಿ ತಟ್ಟಿದ ಸದ್ದಿಗೆ ನಾನೇ ಎದ್ದು ಹೋದೆ. ಕಪ್ಪು ಕನ್ನಡಕದ ಹೆಂಗಸು, ಮಗಳು. ನನ್ನ ಹಿಂದೆ ದೊಡ್ಡಮ್ಮ ಬಂದದ್ದು ಆಕೆಗೆ ಹೆಜ್ಜೆಯಲ್ಲೇ ತಿಳಿಯಿತು.

"ಕಾಗದ ಇವಳು ಓದಿದ್ಲು. ನಮ್ಮಮ್ಮನಿಗೂ ಓದಿಸಿ ಕೇಳಿಸಿದೆ. ಅಮ್ಮ ತುಂಬಾ ಹೊತ್ತು ಅತ್ರು." ಮಗಳ ಭುಜದಿಂದ ಕೈ ತೆಗೆದಳು. "ಕ್ಷಮಿಸಿದೀನಿ ಅಂದ್ಕೋಬೇಡಿ. ಆಗಲ್ಲ ನನ್ನ ಕೈಲಿ. ಇವಳು ಆ ಮೂರು ಬೋಗುಣಿ ಪ್ರಯೋಗ ಮುಗಿಸಬೇಕು ಅಂತ ಜೀವ ತಿಂತಿದಾಳೆ. ನಾನು ಹೊರಗೆ ಕೂತಿರ್ತೀನಿ."

ನಾನು ಓಣಿಯಲ್ಲಿ ಕುರ್ಚಿ ಹಾಕಿದೆ. ಆಕೆ ಬಾಗಿಲಿಗೆ ಬೆನ್ನು ಮಾಡಿ ಕುಳಿತಳು.

ಅಂದಿನಿಂದ ದೊಡ್ಡಮ್ಮ ಕಲಿಸುವ ರೀತಿಯೇ ಬದಲಾಯಿತು. ಮೇಜಿನ ಮೇಲೆ ಏನು ಮಾಡಿದರೂ ಅದನ್ನು ಬಾಯಿಬಿಟ್ಟು ಹೇಳತೊಡಗಿದಳು. "ಈಗ ಸೋಡಾಕ್ಕೆ ನಿಂಬೆ ರಸ ಬೀಳ್ತಿದೆ. ನೊರೆ ಬರೋ ಸದ್ದು ಕೇಳಿ. ಬಲೂನು ಉಬ್ತಾ ಇದೆ, ಕಿತ್ತಳೆ ಹಣ್ಣಿನಷ್ಟಾಯ್ತು. ಬಾಟಲಿ ಮುಟ್ಟಿ ನೋಡಿ, ತಣ್ಣಗಾಗಿದೆ." ಎದುರಿಗೇ ಕಾಣುವುದನ್ನು ಯಾಕೆ ಇಷ್ಟು ಹೇಳುತ್ತಾಳೆ ಎಂದು ಟೈಲರು ಒಮ್ಮೆ ನನ್ನ ಕಿವಿಯಲ್ಲಿ ಕೇಳಿದ. ನಾನು ಬಾಗಿಲ ಕಡೆ ನೋಡಿದೆ. ಅವನು ಮತ್ತೆ ಕೇಳಲಿಲ್ಲ.

ಒಂದು ವಾರ ದಾರದ ನಡುವೆ ಸ್ಟೀಲ್ ಚಮಚ ಕಟ್ಟಿ, ದಾರದ ಎರಡು ತುದಿಗಳನ್ನು ಬೆರಳಿಗೆ ಸುತ್ತಿ, ಬೆರಳು ಕಿವಿಗಿಟ್ಟುಕೊಂಡು, ಚಮಚವನ್ನು ಮೇಜಿಗೆ ತಾಕಿಸುವ ಪ್ರಯೋಗ. ಹೊರಗಿನವರಿಗೆ ಟಿಣ್ ಎನ್ನುವ ಸಣ್ಣ ಸದ್ದು. ಬೆರಳಿಟ್ಟವರಿಗೆ ತಲೆಯೊಳಗೇ ದೊಡ್ಡ ಗಂಟೆ. ಮಗಳು ಚಮಚವನ್ನು ಓಣಿಗೆ ಒಯ್ದು ತಾಯಿಯ ಬೆರಳಿಗೆ ದಾರ ಸುತ್ತಿದಳು. ಚಮಚ ಕುರ್ಚಿಯ ಕಾಲಿಗೆ ತಾಕಿತು. ಆಕೆ ಬೆರಳನ್ನು ಕಿವಿಗೆ ಇನ್ನೂ ಒತ್ತಿಕೊಂಡಳು.

"ಇನ್ನೊಂದ್ಸಲ," ಎಂದಳು.

ದೊಡ್ಡಮ್ಮ ಇನ್ನೂ ಆರು ವರ್ಷ ಬದುಕಿದ್ದಳು. ಕಪ್ಪು ಕನ್ನಡಕದಾಕೆ ಮಗಳೊಂದಿಗೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಒಳಗೆ ಮಾತ್ರ ಬರಲಿಲ್ಲ. ಕಿಟಕಿಯ ಹತ್ತಿರದ ಜಡೆಯ ಹುಡುಗಿ ಈಗಲೂ ಕಾಣುತ್ತಾಳಾ ಎಂದು ನಾನೊಮ್ಮೆ ಕೇಳಿದೆ. "ಇಲ್ಲ," ಎಂದಳು ದೊಡ್ಡಮ್ಮ, "ಈಗ ಅವಳು ಹೊರಗೆ ಕೂತಿರ್ತಾಳಲ್ಲ."

ಎಲ್ಲರೂ ಹೋದ ಮೇಲೆ ಓಣಿಯ ಆ ಕುರ್ಚಿಯನ್ನು ಅವಳೇ ಒಳಗೆ ತಂದು ಗೋಡೆಗೆ ತಾಗಿಸಿ ಇಡುತ್ತಿದ್ದಳು. ವಾರವಿಡೀ ಅದು ಖಾಲಿ ಇರುತ್ತಿತ್ತು. ಅವಳು ಅದರ ಮೇಲೆ ಎಂದೂ ಕೂರಲಿಲ್ಲ. ನನ್ನನ್ನೂ ಕೂರಲು ಬಿಡಲಿಲ್ಲ.