ಬುಂದಿಯ ಉಪವಾಸ

ಆ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯಲಿಲ್ಲ. ಉಳಿದ ದಿನಗಳಲ್ಲಿ ಹಾಲು ಕಾಯಿಸಿ, ಚಹಾಕ್ಕೆ ಇಟ್ಟು, ಜೋಳದ ಹಿಟ್ಟು ನಾದಿ ಮೊದಲ ರೊಟ್ಟಿಗೆ ಕೈ ಹಾಕುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಬುಂದಿ ಹಾಜರಿರುತ್ತಾಳೆ. ಬಡಿಯುವ ಸಪ್ಪಳವೇ ಅವಳಿಗೆ ಅಲಾರಾಂ. ಅದಕ್ಕೇ ಅವತ್ತು ಸಪ್ಪಳವೂ ಬೇಡ, ಒಗ್ಗರಣೆಯ ವಾಸನೆಯೂ ಬೇಡ ಎಂದು ಹಿಂದಿನ ದಿನವೇ ಮಾಡಿಟ್ಟ ಹಚ್ಚಿದ ಅವಲಕ್ಕಿಯನ್ನು ನಮ್ಮ ಮನೆಯವರ ಮುಂದಿಟ್ಟೆ.

"ಆಪರೇಷನ್ ನಾಯಿದು, ಪಥ್ಯ ನನಗ" ಎಂದರು ಅವರು.

"ಸಾವಕಾಶ ಅಗೀರಿ. ಸಪ್ಪಳ ಆಗತೈತಿ" ಎಂದೆ.

ಬುಂದಿ ನಮ್ಮ ಹೆಣ್ಣು ನಾಯಿ. ಬಿಳಿ ಮೈಮೇಲೆ ಹಳದಿ ಚುಕ್ಕೆಗಳಿರುವುದರಿಂದ ಆ ಹೆಸರು. ಕೊರಳಪಟ್ಟಿ ನಮ್ಮದು, ಹೊಟ್ಟೆ ಮಾತ್ರ ಬೆಂಗೇರಿಯ ನಮ್ಮ ಇಡೀ ಓಣಿಯದು. ಒಂದು ಮನೆಯಲ್ಲಿ ರೊಟ್ಟಿಯ ಅಂಚು, ಇನ್ನೊಂದರಲ್ಲಿ ಮೊಸರನ್ನ. ಮೂಲೆಮನೆಯ ನಿವೃತ್ತ ಮಾಸ್ತರರ ಜೇಬಿನಲ್ಲಿ ಕಾಯಂ ಬಿಸ್ಕೀಟು. ಎದುರುಮನೆಯ ಸುಶೀಲಾ ಕಾಕು ಅಂತೂ ಹೋದ ಸಲ ಬುಂದಿ ಮರಿ ಹಾಕಿದಾಗ ಬೆಲ್ಲ-ತುಪ್ಪದ ಸಜ್ಜಕ ಮಾಡಿ ತಂದಿದ್ದರು. "ಬಾಣಂತಿ ಅಂದಮ್ಯಾಲೆ ಬಾಣಂತೀನ. ಯಾರಾದ್ರೇನು?"

ಬಾಣಂತನ ಓಣಿಯದಾದರೂ ಮರಿಗಳಿಗೆ ಮನೆ ಹುಡುಕುವುದು ನನ್ನ ಕೆಲಸ. ಕನ್ಯಾ ನೋಡುವವರು, ವರ ಹುಡುಕುವವರು ಇಷ್ಟು ಅಲೆದಾಡಿರಲಾರರು. ಅರಿಷಿಣ-ಕುಂಕುಮಕ್ಕೆ ಕರೆದ ಮನೆಗಳಲ್ಲಿ ಕೂಡ, ಕೈಯಲ್ಲಿ ಎಲೆ ಅಡಿಕೆ ಹಿಡಿದುಕೊಂಡೇ "ನಿಮಗೊಂದು ಮರಿ ಬೇಕೇನ್ರಿ?" ಎಂದು ಕೇಳಿದ್ದೇನೆ. ಕೆಲಗೇರಿಯಲ್ಲಿರುವ ನಾದಿನಿ ಈಗಲೂ ನನ್ನ ಕೈಯಲ್ಲಿ ಬುಟ್ಟಿಯಿಲ್ಲವೆಂದು ಖಾತ್ರಿ ಮಾಡಿಕೊಂಡೇ ಬಾಗಿಲು ತೆರೆಯುತ್ತಾಳೆ. ಹೀಗೆ ಎಷ್ಟು ಸುತ್ತಿದರೂ ಒಂದು ಮರಿ ಉಳಿದೇ ಹೋಯಿತು. ಎರಡೂ ಕಿವಿ ಕಂದು ಬಣ್ಣದ್ದು. ಓಣಿಯ ತಿರುವಿನಲ್ಲಿ ಮರಳಿನ ಲಾರಿ ಹಿಂದಕ್ಕೆ ಬರುವಾಗ ಅದಕ್ಕೆ ಸರಿಯಲು ತಿಳಿಯಲಿಲ್ಲ. ಇನ್ನೊಂದು ಸಲ ಬುಂದಿಗೆ ಮರಿಯಾಗಬಾರದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡದ್ದು ಅವತ್ತು.

ಖಾಸಗಿ ಡಾಕ್ಟರರು ಹೇಳಿದ ಖರ್ಚು ಒಂದು ಒಳ್ಳೆಯ ಇಳಕಲ್ ಸೀರೆಯಷ್ಟಿತ್ತು. ಅಷ್ಟರಲ್ಲಿ, ರಾಯಾಪುರದ ಹತ್ತಿರ ಪ್ರಾಣಿಪ್ರಿಯರು ಕೆಲವರು ಸೇರಿ ತಿಂಗಳಿಗೊಮ್ಮೆ ನಾಯಿಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡುವ ಶಿಬಿರ ನಡೆಸುತ್ತಾರೆಂದು ತಿಳಿಯಿತು. ಅಲ್ಲಿ ಕೊಡಬೇಕಾದದ್ದು ಆ ಸೀರೆಗೆ ಕುಬಸ ಹೊಲಿಸಿದಷ್ಟು. ಷರತ್ತು ಒಂದೇ: ಹಿಂದಿನ ರಾತ್ರಿಯಿಂದ ನಾಯಿಯ ಹೊಟ್ಟೆ ಖಾಲಿ ಇರಬೇಕು. ತಿಂದ ಹೊಟ್ಟೆಗೆ ಮತ್ತಿನ ಔಷಧ ಕೊಟ್ಟರೆ ಜೀವಕ್ಕೇ ಅಪಾಯ.

ಈಗ ನನ್ನ ಫಜೀತಿ ಕೇಳಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಂತಾನೋತ್ಪತ್ತಿಯ ಪಾಠ ಬಂದಾಗ ಸಿಸ್ಟರ್ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚಿದ್ದರು. ಮನೆಯಲ್ಲಿ ಅವ್ವ "ಸಾಲ್ಯಾಗ ಹೇಳ್ತಾರ ತಗೋ" ಎಂದಿದ್ದಳು. ಎರಡೂ ಕಡೆ ತಪ್ಪಿಸಿಕೊಂಡ ಆ ಪಾಠವನ್ನು ಕಟ್ಟೆಯಿಂದ ಕಟ್ಟೆಗೆ ಹೋಗಿ ನಾನೇ ಹೇಳಬೇಕಾಯಿತು. ನಾಲಿಗೆ ಏಳಲಿಲ್ಲ. "ಬುಂದಿಗೆ ನಾಳೆ ಉಪವಾಸ ಐತ್ರಿ, ಏನೂ ಹಾಕಬ್ಯಾಡ್ರಿ" ಎಂದಷ್ಟೇ ಹೇಳಿ ಬಂದೆ.

ಅದು ಅದರ ಹಿಂದಿನ ತಿಂಗಳು, ಮೊದಲ ಸಲದ ಮಾತು. ಶಿಬಿರದಲ್ಲಿ ಡಾಕ್ಟರಮ್ಮ "ಬೆಳಿಗ್ಗೆ ಏನಾದರೂ ತಿಂದಿದೆಯಾ?" ಎಂದು ಕೇಳಿದರು. "ಇಲ್ಲ ಡಾಕ್ಟರ್, ಏನೇನೂ ಇಲ್ಲ" ಎಂದೆ. ನನ್ನ ಮಾತು ಮುಗಿಯುವ ಮೊದಲೇ ಬುಂದಿ ಅವರ ಕಾಲ ಬಳಿ ವಾಂತಿ ಮಾಡಿದಳು. ಮುತ್ತಿನಂಥ ಸಾಬೂದಾಣಿ, ನಡುನಡುವೆ ಶೇಂಗಾ, ಒಂದು ಕರಿಬೇವಿನ ಎಲೆ. ಡಾಕ್ಟರಮ್ಮ ಬೈಯಲಿಲ್ಲ; ಮುಂದಿನ ತಿಂಗಳು ಬನ್ನಿ ಎಂದರು. ಬುಂದಿ ಬೆದೆಗೆ ಬರುವ ಕಾಲ ಹತ್ತಿರವಾಗಿತ್ತು. ಮುಂದಿನ ತಿಂಗಳೂ ತಪ್ಪಿದರೆ ಮತ್ತೆ ಬುಟ್ಟಿ, ಮತ್ತೆ ಆ ತಿರುವು.

ಕಾಕು ತಾವಾಗಿಯೇ ಒಪ್ಪಿಕೊಂಡರು. "ಉಪವಾಸ ಅಂದಿಯಲ್ಲವಾ? ಅದಕ್ಕ ಖಿಚಡಿ ಹಾಕಿದೆ. ರೊಟ್ಟಿ ಮುಟ್ಟಿಸಿಲ್ಲ ನೋಡು."

ಅವರದೇನು ತಪ್ಪು? ನಮ್ಮ ಸೀಮೆಯಲ್ಲಿ ಉಪವಾಸವೆಂದರೆ ತಿನ್ನದಿರುವುದಲ್ಲ, ಬೇರೆ ತಿನ್ನುವುದು. ಆ ತಟ್ಟೆಯನ್ನು ನೋಡಿದಾಗಲೆಲ್ಲ ನನಗೆ ಬೆರಗು. ಸಾಬೂದಾಣಿಯಾಗುವ ಮರಗೆಣಸು, ಶೇಂಗಾ, ಬಟಾಟಿ, ಮೆಣಸಿನಕಾಯಿ, ಎಲ್ಲವೂ ಒಂದು ಕಾಲಕ್ಕೆ ಹಡಗು ಹತ್ತಿ ಸಮುದ್ರ ದಾಟಿ ಬಂದವು. ಅವು ನಡುಮನೆಗೆ ಬಂದು ಮಡಿಯಾಗಿ ಕೂತವು. ತಲೆತಲಾಂತರದಿಂದ ನಮ್ಮನ್ನು ಸಾಕಿದ ಜೋಳ ಮಾತ್ರ ಏಕಾದಶಿಯ ದಿನ ಹೊರಗೆ. ದೇವರೇ ಒಪ್ಪಿಕೊಂಡ ಉಪವಾಸವನ್ನು ಬುಂದಿಯ ಹೊಟ್ಟೆ ಒಪ್ಪಲಿಲ್ಲ, ಅಷ್ಟೆ.

ಈ ಸಲ ನಾಚಿಕೆ ಬಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿದ ಮೇಲೆ ಕಾಕು ಮುಖ ಸಣ್ಣದು ಮಾಡಿದರು. "ಹೆಣ್ಣ ಜೀವಾ ಅದು. ಹಡಿಯೂದು ತಪ್ಪಿಸಿ ಪಾಪ ಯಾಕ ಕಟ್ಕೋತೀ?"

ಲಾರಿಗೆ ಸಿಕ್ಕ ಮರಿಯನ್ನು ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದವರು ಅವರೇ. ಆ ಕಂದು ಕಿವಿಯದನ್ನು ಒಮ್ಮೆ ನೆನಪಿಸಿದೆ. ಅವರು ಸೋಸುತ್ತಿದ್ದ ಸೊಪ್ಪನ್ನು ಬದಿಗೆ ಸರಿಸಿದರು. ಆಮೇಲೆ, "ಆತು, ಕರಕೊಂಡ ಹೋಗು. ಯಾರ ಹಾಕ್ತಾರ ನಾ ನೋಡ್ತೀನಿ" ಎಂದರು.

ಹಾಗೆ ಬಂದ ಬೆಳಗು ಅದು. ಬುಂದಿಯನ್ನು ಸರಪಳಿ ಹಿಡಿದು ಹೊರಗೆ ತಂದಾಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಯಾವ ಮನೆಯಿಂದಲೂ ರೊಟ್ಟಿಯ ಸಪ್ಪಳವಿಲ್ಲ. ಮಾಸ್ತರರು ಗೇಟಿನ ಒಳಗೆ ನಿಂತು, ಬಿಸ್ಕೀಟಿಲ್ಲದ ಜೇಬಿನ ಮೇಲೆ ಕೈಯಿಟ್ಟುಕೊಂಡು, ಬುಂದಿಯ ಕಣ್ಣು ತಪ್ಪಿಸಿ ಆಕಾಶ ನೋಡುತ್ತಿದ್ದರು. ಬುಂದಿ ಒಂದೊಂದು ಬಾಗಿಲಿಗೂ ಬಾಲ ಅಲ್ಲಾಡಿಸಿ ನಿಂತಳು. ಒಂದು ಕೈಯೂ ಮುಂದೆ ಬರಲಿಲ್ಲ. ಕಾಕು ತಮ್ಮ ಕಟ್ಟೆಯ ಮೇಲೆ ಪೊಲೀಸರ ಹಾಗೆ ಕೂತಿದ್ದರು. "ಯಾರೂ ಹಾಕಿಲ್ಲ, ಹೋಗು" ಎಂದರು. ಹಾಕುವುದು ಸುಲಭ. ಹಾಕುವ ಕೈಯನ್ನು ಹಿಡಿದಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಆ ಮುಖಗಳನ್ನು ನೋಡಿದ ಮೇಲೇ ನನಗೆ ತಿಳಿದದ್ದು.

ಶಿಬಿರದಲ್ಲಿ ಮತ್ತೆ ಅದೇ ಪ್ರಶ್ನೆ. "ಇಲ್ಲ ಡಾಕ್ಟರ್. ನಮ್ಮ ಓಣಿಯಲ್ಲಿ ಯಾರೂ ಏನೂ ಹಾಕಿಲ್ಲ" ಎಂದೆ. ಜಂಬ ದೊಡ್ಡ ಪಾಪವೆಂದು ಸಿಸ್ಟರ್ ಕಲಿಸಿದ್ದರು. ಇರಲಿ, ಜೊತೆಗೆ ಬಂದಿದ್ದ ನಮ್ಮ ಮನೆಯವರು ಹೇಳುವಂತೆ, ಆ ವಾಕ್ಯವನ್ನು ನಾನು ಝಂಡಾ ಏರಿಸಿದ ಹಾಗೆ ಹೇಳಿದೆ. ಸರಿಯಾದ ಸಮಯಕ್ಕೆ ತಂದಿರಿ, ಇನ್ನೂ ತಡವಾಗಿ ಬೆದೆಗೆ ಬಂದಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು.

ಸಂಜೆ ಬುಂದಿ ನಮ್ಮ ಪಡಸಾಲೆಯಲ್ಲಿ ಹಳೆಯ ಕೌದಿಯ ಮೇಲೆ, ಹೊಟ್ಟೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಳು. ದವಾಖಾನೆಯಿಂದ ಬಂದವರನ್ನು ಮಾತಾಡಿಸಲು ಬರುವಂತೆ ಓಣಿಯವರು ಒಬ್ಬೊಬ್ಬರಾಗಿ ಬಂದರು. ಮಾಸ್ತರರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, "ಹೆಂಗದೀಯವಾ?" ಎಂದು ಬುಂದಿಯನ್ನೇ ಕೇಳಿದರು. ನಾನು ಎಲ್ಲರಿಗೂ ಚಹಾ ಕೊಟ್ಟೆ.

ಕೊನೆಗೆ ಬಂದವರು ಕಾಕು. ಚಹಾ ಬೇಡವೆಂದರು. ಬಗ್ಗಿ ಪಟ್ಟಿಯನ್ನು ನೋಡಿದರು, ಬುಂದಿಯ ಹಣೆಯ ಮೇಲೊಮ್ಮೆ ಕೈಯಾಡಿಸಿದರು. ಸೆರಗು ಸರಿಮಾಡಿಕೊಂಡು ಹೊರಟವರು ಹೊಸ್ತಿಲಲ್ಲಿ ಕಾಲಿಂದ ಚಪ್ಪಲಿ ಹುಡುಕುತ್ತ, ನನ್ನತ್ತ ನೋಡದೆಯೇ ಹೇಳಿದರು:

"ಜಿಗಿದಾಡಾಕ ಬಿಡಬ್ಯಾಡವಾ, ಒಳಗ ಜಗ್ಗತೈತಿ. ನನಗ ಇದ ಆಪರೇಷನ್ ಆದಾಗ ಹೊಲಿಗಿ ಬಿಚ್ಚೂದ್ರೊಳಗ ನೀರಿನ ಕೊಡಾ ಎತ್ತಿದ್ದೆ, ಅದಕ್ಕ ಹೇಳಾಕತ್ತೇನಿ."