ಹಣೆಗೆ ಹಚ್ಚದ ವಿಭೂತಿ

ಅತನೂರಿನಲ್ಲಿ ನಮ್ಮ ಪಕ್ಕದ ಮನೆಯವರು ಉರ್ದು ಮಾಸ್ತರು. ಅವ್ವ ಲಿಂಗಪೂಜೆ ಮುಗಿಸಿದಳೆಂದರೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. “ಅಕ್ಕಾರ, ಇದರ ಮತಲಬ್ ಏನ್ರಿ?” ಎಂದು ಲಿಂಗ, ವಿಭೂತಿ, ರುದ್ರಾಕ್ಷಿ ಒಂದೊಂದರ ಅರ್ಥವನ್ನೂ ಕೇಳುತ್ತಿದ್ದರು. ಅವ್ವ ರಂಜಾನಿನ ರೋಜಾ ಉಪವಾಸದ ಬಗ್ಗೆ ಕೇಳಿದರೆ ಅಷ್ಟೇ ಅಕ್ಕರೆಯಿಂದ ಹೇಳುತ್ತಿದ್ದರು.

ನಲವತ್ತೆಂಟರಲ್ಲಿ ಭಾರತದ ಮಿಲಿಟರಿ ಬಂದು ನಿಜಾಮನ ಆಳ್ವಿಕೆ ಮುಗಿಯಿತು. ನಿಜಾಮನ ಪರವಾಗಿ ಊರೂರು ಸುಲಿದಿದ್ದ ರಜಾಕಾರರ ಮೇಲಿನ ಸಿಟ್ಟನ್ನು ಕೆಲವರು ಸಿಕ್ಕ ಮುಸಲ್ಮಾನರ ಮೇಲೆಲ್ಲ ತೀರಿಸಿಕೊಳ್ಳತೊಡಗಿದರು. ಜೇವರ್ಗಿಯ ತಂಗಿಯ ಮನೆಗೆ ಹೊರಟ ಮಾಸ್ತರಿಗೆ ಅವ್ವ ವಿಭೂತಿ ಕೊಡಲು ಹೋದಳು.

“ಹಣಿಗೆ ಹಚ್ಕೋರಿ ಮಾಸ್ತರ. ದಾರ್ಯಾಗ ಯಾರೂ ಮುಟ್ಟಂಗಿಲ್ಲ.”

“ಇದರ ಮತಲಬ್ ನೀವೇ ಹೇಳಿಕೊಟ್ಟೀರಿ ಅಕ್ಕಾರ. ಬರೀ ಜೀವ ಉಳಿಸ್ಕೊಳ್ಳಾಕ ಹ್ಯಾಂಗ ಹಚ್ಕೊಳ್ಳಲಿ?”

ಎದೆಗೆ ಕೈಯಿಟ್ಟು ಸಲಾಂ ಹೇಳಿ ನಡೆದರು.

ಕೆಲವು ದಿನಗಳ ಮೇಲೆ ಅವರ ತಂಗಿ ಜೇವರ್ಗಿಯಿಂದ ನಮ್ಮ ಬಾಗಿಲಿಗೆ ಬಂದಳು. “ನಮ್ಮಣ್ಣ ಇಲ್ಲೇ ಅದಾನ ಹೌದಿಲ್ರಿ?” ಎಂದಳು.

ಅವ್ವ ಅವಳನ್ನು ಒಳಗೆಳೆದು ತಬ್ಬಿಕೊಂಡಳು.